ಮೂರು ಕಾಲಿನ ಹುಳ ಮತ್ತು ನಮ್ಮಪ್ಪನ ಆವಾಜು

ಮೊನ್ನೆ ಬ್ಲೌಸಿನ ಹುಕ್ಕು ಕಿತ್ತುಹೋಯಿತೆಂದು ಗುಂಡಿ ಡಬ್ಬಿ ತೆಗೆದೆ. ಗುಂಡಿ ಡಬ್ಬಿ ಯಾರ ಮನೆಯಲ್ಲಿ ಇಲ್ಲ ಹೇಳಿ? ಬಿಸ್ಕತ್ತು ತಿಂದು ಮುಗಿಸಿದ ಮೇಲೆ ಪ್ರತಿ ಡಬ್ಬಿಗೂ ಅದೇ ಎರಡನೆಯ ಜನ್ಮ. ನೆಲದ ಮೇಲೆ ಎಲ್ಲವನ್ನೂ ಸುರುವಿಕೊಂಡು ಕೆದಕುತ್ತಿದ್ದಾಗ ಬೆರಳಿಗೆ ಏನೋ ಚುಚ್ಚಿತು. ನೋಡಿದರೆ ಕರೀ ಮೈ, ಮೂರು ಕಾಲು, ಸತ್ತು ಸೆಟೆದುಕೊಂಡ ಹುಳ. ನಾನು ಕಿಟಾರನೆ ಕಿರುಚಿದೆ. ಕಿರುಚಿದೆ ಅನ್ನುವುದು ನನ್ನ ಹೇಳಿಕೆ ಅಷ್ಟೇ. ಅಲ್ಲೇ ಪಕ್ಕದಲ್ಲಿ ಕೂತು ಪೇಪರು ಓದುತ್ತಿದ್ದ ನಮ್ಮ ಯಜಮಾನರು ತಲೆ ಕೂಡ ಎತ್ತಲಿಲ್ಲ.

ಅವರದೇನೂ ತಪ್ಪಿಲ್ಲ. ನನ್ನ ಕಿರುಚಾಟ ಎಂದರೆ ಬೇರೆಯವರ ಗುಟ್ಟಿನ ಮಾತಿನಷ್ಟಿರುತ್ತದೆ.

ಕನ್ನಡಕ ಹಾಕಿಕೊಂಡು ಮತ್ತೆ ನೋಡಿದೆ. ಹುಳವಲ್ಲ, ಟ್ರಾನ್ಸಿಸ್ಟರು. ರೇಡಿಯೊಕ್ಕೆ ಟ್ರಾನ್ಸಿಸ್ಟರು ಅನ್ನುತ್ತಾರಲ್ಲ, ಅದಲ್ಲ. ಆ ರೇಡಿಯೊದ ಹೊಟ್ಟೆಯೊಳಗೆ ಕೂತು ಕೆಲಸ ಮಾಡಿ, ತನ್ನ ಹೆಸರನ್ನು ಇಡೀ ಪೆಟ್ಟಿಗೆಗೆ ಕೊಟ್ಟುಬಿಟ್ಟ ಆ ಪುಟ್ಟ ಜೀವ. ಒಂದು ಕಾಲು ಸೊಟ್ಟಗಾಗಿತ್ತು. ಸೊಟ್ಟ ಮಾಡಿದವಳು ನಾನೇ, ಎರಡನೆಯ ಇಯತ್ತೆಯಲ್ಲಿದ್ದಾಗ. ಅಪ್ಪ ಸುಟ್ಟುಹೋದ ಟ್ರಾನ್ಸಿಸ್ಟರುಗಳನ್ನು ನನಗೆ ಆಡಲು ಕೊಡುತ್ತಿದ್ದರು. ನನ್ನ ಬಟ್ಟೆಯ ಗೊಂಬೆಗೆ ಅದೇ ಮೂಗುತಿ, ಅದೇ ಬೆಂಡೋಲೆ. ಬೇರೆ ಹುಡುಗಿಯರ ಗೊಂಬೆಗಳು ಮಣಿಸರ ಹಾಕಿಕೊಳ್ಳುತ್ತಿದ್ದವು. ನನ್ನದು ವಿದ್ಯುತ್ ಇಲಾಖೆಯವರ ಮನೆಮಗಳಂತೆ ಕೂತಿರುತ್ತಿತ್ತು.

ಅಪ್ಪ ಅಂದರೆ ಮೈಕಿನ ಶರಣಪ್ಪ. ಆಳಂದದಲ್ಲಿ ಶರಣಪ್ಪಂದಿರು ಓಣಿಗೆ ನಾಲ್ವರು ಸಿಕ್ಕಾರು, ಮೈಕಿನ ಶರಣಪ್ಪ ಒಬ್ಬರೇ. ಮದುವೆ, ಶಾಲೆಯ ಗ್ಯಾದರಿಂಗು, ಪುರಾಣ ಪ್ರವಚನ, ಚುನಾವಣೆ, ಯಾವುದಾದರೂ ಸರಿ, ಮೊಪೆಡ್ಡಿನ ಹಿಂದೆ ಆಂಪ್ಲಿಫಯರು ಕಟ್ಟಿಕೊಂಡು, ಅಗಲ ಬಾಯಿಯ ಭೋಂಗಾ ಸ್ಪೀಕರನ್ನು ಹೆಗಲಿಗೆ ನೇತುಹಾಕಿಕೊಂಡು ಹೊರಟುಬಿಡುತ್ತಿದ್ದರು. ಹಿರೋಳ್ಳಿಯವರೆಗೂ ಹೋಗುತ್ತಿದ್ದರು, ಅಲ್ಲಿಂದಾಚೆ ಗಡಿ ದಾಟಿದರೆ ಮರಾಠಿ ಮೈಕಿನವರ ರಾಜ್ಯ. ಭೋಂಗಾವನ್ನು ಬೇವಿನ ಮರಕ್ಕೆ ಕಟ್ಟಿ, ಕೆಳಗಿಳಿದು, ಮೈಕು ಹಿಡಿದು "ಹಲೋ... ಹಲೋ... ಮೈಕ್ ಟೆಸ್ಟಿಂಗ್" ಎಂದರೆಂದರೆ ಮರದ ಮೇಲಿನ ಗಿಳಿಗಳು ಪಕ್ಕದ ಊರಿಗೆ ಹೋಗಿ ಕೂರುತ್ತಿದ್ದವು. ನಮ್ಮಪ್ಪನಿಗೆ ಮೈಕು ಬೇಕಾಗಿರಲಿಲ್ಲ, ಮೈಕಿಗೇ ನಮ್ಮಪ್ಪ ಬೇಕಾಗಿದ್ದರು ಎಂದು ಓಣಿಯವರು ಹೇಳುತ್ತಿದ್ದರು. ಅಂಥ ಗಂಟಲು.

ಅಂಥ ಗಂಟಲಿನವರ ಹೊಟ್ಟೆಯಲ್ಲಿ ನಾನು ಹುಟ್ಟಿದೆ.

ನನ್ನ ಧ್ವನಿ ಯಾಕೆ ಹೀಗೆ ಎಂಬುದಕ್ಕೆ ಮನೆಯಲ್ಲಿ ಒಂದು ಸಿದ್ಧ ಉತ್ತರವಿತ್ತು. ಕೂಸಿಗೆ ಹೆಸರಿಡುವವರ ಧ್ವನಿಯೇ ಕೂಸಿಗೆ ಬರುತ್ತದಂತೆ. ನಮ್ಮ ಕಡೆ ತೊಟ್ಟಿಲ ಕಾರ್ಯದಲ್ಲಿ ಹೆಸರಿಡುವುದು ಸೋದರತ್ತಿಯ ಹಕ್ಕು. ಆಕೆ ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಯಲ್ಲಿ "ಕುರ್‍ರ್..." ಎಂದು ಊದಿ ಹೆಸರು ಹೇಳಬೇಕು. ಆಕೆ ಬಗ್ಗುವುದನ್ನೇ ಕಾಯುತ್ತಿದ್ದ ಹೆಂಗಸರೆಲ್ಲ ಆಕೆಯ ಬೆನ್ನಿಗೆ ದಬದಬ ಗುದ್ದುತ್ತಾರೆ. ಅದು ಶಾಸ್ತ್ರ. ವರ್ಷದ ಸಿಟ್ಟನ್ನೆಲ್ಲ ಶಾಸ್ತ್ರದ ಹೆಸರಿನಲ್ಲಿ ತೀರಿಸಿಕೊಳ್ಳುವವರೂ ಇರುತ್ತಾರೆ ಎನ್ನುವುದು ಬೇರೆ ಮಾತು. ನನಗೆ ಹೆಸರಿಟ್ಟ ಸೋದರತ್ತಿ ಬಲು ನಾಚಿಕೆಯ ಹೆಣ್ಣು. ಗುದ್ದಿನ ಸಪ್ಪಳದಲ್ಲಿ ಆಕೆ ಏನೆಂದಳೋ ಕೂಸಿಗೂ ಕೇಳಲಿಲ್ಲವಂತೆ. ಅದಕ್ಕೇ ನಾನು ಹೀಗೆ ಎಂದು ಅವ್ವನ ತೀರ್ಮಾನ.

ಇದೇ ಧ್ವನಿ ಇಟ್ಟುಕೊಂಡು ನಾನು ಮೇಷ್ಟ್ರಿಕೆ ಮಾಡುತ್ತೇನೆ ನೋಡಿ, ಅದು ನನ್ನ ಸಾಹಸ. ಜೇವರ್ಗಿ ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನನ್ನ ಪಾಠ ಮೊದಲ ಮೂರು ಬೆಂಚಿಗೆ ವಿಜ್ಞಾನ, ಹಿಂದಿನವರಿಗೆ ಮೂಕಾಭಿನಯ. ಮನೆಯೂ ಅದೇ ಊರಿನಲ್ಲಿ. ಪೇಟೆಗೋ ತವರಿಗೋ ಹೋಗಿ ಬಂದರೆ ಬಸ್ಸು ಊರೊಳಗೆ ಬರುವುದಿಲ್ಲ, ಕ್ರಾಸಿನಲ್ಲಿ ಇಳಿಯಬೇಕು. "ಇಳೀತೇನ್ರಿ" ಎಂದು ನಾನು ಹೇಳುತ್ತೇನೆ. ಕಂಡಕ್ಟರಿಗೆ ಕೇಳುವುದಿಲ್ಲ. ಬಸ್ಸು ಮುಂದಿನ ಸ್ಟಾಪಿಗೆ ಹೋಗುತ್ತದೆ. ಅಲ್ಲಿ ಚಹಾದಂಗಡಿ ಇಟ್ಟುಕೊಂಡಿರುವ ಹೆಣ್ಣುಮಗಳು ನಾನಿಳಿಯುವುದನ್ನು ನೋಡಿ, "ಬರ್ರಿ ಟೀಚರ್, ಇವತ್ತೂ ಮುಂದ ಬಂದ್ರೇನು? ಚಾ ಕುಡದು ಹಿಂದಕ್ಕ ಹೋಗ್ರಿ" ಎನ್ನುತ್ತಾಳೆ. ನನ್ನ ಗಂಟಲಿನಿಂದ ನನ್ನ ಕಾಲು ಗಟ್ಟಿಯಾಗಿವೆ.

ಎಲ್ಲಿಂದ ಎಲ್ಲಿಗೋ ಬಂದೆ. ಆಂಪ್ಲಿಫಯರಿನ ಮಾತು ಆಡುತ್ತಿದ್ದೆ.

ಅಪ್ಪನ ಆ ಹಳೆಯ ಆಂಪ್ಲಿಫಯರು ಮನೆಯ ಒಬ್ಬ ಸದಸ್ಯನಂತಿತ್ತು. ಅದರ ಬೆನ್ನಿಗೆ ಬಾಚಣಿಕೆಯ ಹಲ್ಲಿನಂಥ ಅಲ್ಯುಮಿನಿಯಂ ಪಟ್ಟಿಗಳು. ಅವುಗಳ ನಡುವೆ ದೊಡ್ಡ ಟ್ರಾನ್ಸಿಸ್ಟರುಗಳು ಲೋಹದ ಟೊಪ್ಪಿಗೆ ಹಾಕಿಕೊಂಡು ಕೂತಿರುತ್ತಿದ್ದವು. ಸೆಟ್ಟು ಚಾಲೂ ಇದ್ದರೆ ಆ ಪಟ್ಟಿಗಳು ಬಿಸಿಯಾಗುತ್ತವೆ. ಚಳಿಗಾಲದ ಬೆಳಗ್ಗೆ ಅಪ್ಪ ರಿಪೇರಿಗೆಂದು ಸೆಟ್ಟು ಹಚ್ಚಿಟ್ಟರೆ, ಮೊದಲು ನಾನು ಹೋಗಿ ಕೈ ಕಾಸಿಕೊಳ್ಳುತ್ತಿದ್ದೆ. ನನ್ನ ಪಕ್ಕಕ್ಕೆ ಬೆಕ್ಕು. ಕೊನೆಗೆ ಅವ್ವ ಬಂದು ಇಬ್ಬರನ್ನೂ ಓಡಿಸಿ, ಹೆಪ್ಪು ಹಾಕಿದ ಹಾಲಿನ ಬೋಗುಣಿಯನ್ನು ಅದರ ಬೆನ್ನಿಗೆ ಆನಿಸಿ ಇಡುತ್ತಿದ್ದಳು. ಚಳಿಯಲ್ಲಿ ಊರಿನವರ ಮನೆಯ ಮೊಸರು ನೀರುನೀರಾಗಿದ್ದರೆ ನಮ್ಮದು ಗಟ್ಟಿ. "ನಿಮ್ಮ ಪೆಟಗಿಯಿಂದ ಇದೊಂದ ಉಪಯೋಗ ನೋಡ್ರಿ" ಎಂದು ಅವ್ವ ಹೇಳಿದರೆ ಅಪ್ಪನಿಗೆ ಭಾರೀ ಅವಮಾನ. ಆದರೆ ಎರಡು ಸಲ ಹಾಕಿಸಿಕೊಂಡು ಉಣ್ಣುತ್ತಿದ್ದರು.

ಒಮ್ಮೆ ನಾನು ಕೇಳಿದೆ, ಇಷ್ಟು ಸಣ್ಣ ಹುಳ ಅಷ್ಟು ದೊಡ್ಡ ಆವಾಜು ಹೆಂಗ ಮಾಡ್ತದ ಅಂತ. ಅಪ್ಪ ಬಾಯಿಮಾತಿನಲ್ಲಿ ಹೇಳಲಿಲ್ಲ. ಭೂಸನೂರಿನಲ್ಲಿ ನಮ್ಮ ಕಾಕಾನ ಕಬ್ಬಿನ ಹೊಲವಿತ್ತು, ಅಲ್ಲಿಗೆ ಮೊಪೆಡ್ಡಿನ ಮೇಲೆ ಕೂರಿಸಿಕೊಂಡು ಹೋದರು. ಬಾವಿಯಿಂದ ಎತ್ತಿದ ನೀರು ದೊಡ್ಡ ಕಾಲುವೆಯಲ್ಲಿ ತುಂಬಿ ನಿಂತಿತ್ತು. ಅದಕ್ಕೆ ಅಡ್ಡ ಒಂದು ಹಲಗೆ.

"ಎತ್ತು ಬೇ, ಜರಾ ಎತ್ತು" ಎಂದರು.

ನಾನು ಎರಡೂ ಕೈ ಹಾಕಿ ಹಲಗೆಯನ್ನು ಬೆರಳಿನಷ್ಟು ಎತ್ತಿದೆ. ಭರ್ರ್ ಎಂದು ನೀರು ನುಗ್ಗಿ ಕಬ್ಬಿನ ಸಾಲಿಗೆ ಹೋಯಿತು. ಇಳಿಸಿದೆ, ನಿಂತಿತು. ಅರ್ಧ ಎತ್ತಿದೆ, ಅರ್ಧ ಹೋಯಿತು.

"ಈ ನೀರು ಯಾರದು? ನಿಂದೇನು?"

"ಅಲ್ಲ, ಬಾವೀದು."

"ಹಾಂ. ನೀ ಎತ್ತಿದ್ದು ಹಲಗಿ, ಹೋಗಿದ್ದು ಬಾವಿ ನೀರು. ನೀ ತಾಳಕ್ಕ ತಕ್ಕಂಗ ಎತ್ತಿ ಇಳಿಸಿದ್ರ ನೀರೂ ಅದ ತಾಳದಾಗ ಹೋಗ್ತದ. ಟ್ರಾನ್ಸಿಸ್ಟರಾಗೂ ಹಂಗ. ಒಂದು ಕಾಲಿಗೆ ಮೈಕಿನಿಂದ ಸಣ್ಣ ಕರೆಂಟ್ ಬರ್ತದ, ಅದು ಹಲಗಿ ಎತ್ತೂದು. ಉಳದ ಎರಡು ಕಾಲಿನ ನಡುವ ಬ್ಯಾಟರಿಯ ದೊಡ್ಡ ಕರೆಂಟ್ ಹೋಗ್ತದ. ಸಣ್ಣದು ಹೆಂಗ ಕುಣೀತದೋ ದೊಡ್ಡದೂ ಹಂಗ ಕುಣೀತದ."

ಆಮೇಲೆ ಕಾಲೇಜಿನಲ್ಲಿ ಬೇಸು, ಎಮಿಟರು, ಕಲೆಕ್ಟರು ಎಂದೆಲ್ಲ ಓದಿದೆ. ಬೇಸಿಗೆ ಕೊಡುವ ಸಣ್ಣ ವಿದ್ಯುತ್ತು, ಕಲೆಕ್ಟರಿನಿಂದ ಎಮಿಟರಿಗೆ ಹರಿಯುವ ನೂರಾರು ಪಟ್ಟು ವಿದ್ಯುತ್ತನ್ನು ಆಳುತ್ತದೆ ಎಂದು ಪರೀಕ್ಷೆಯಲ್ಲಿ ಬರೆದೆ. ಪೆನ್ನು ಬರೆಯುತ್ತಿದ್ದರೂ ಕಣ್ಣ ಮುಂದೆ ಇದ್ದದ್ದು ಕಾಕಾನ ಹೊಲದ ಕೆಸರು. ಅಪ್ಪನ ಎಲ್ಲ ಸಿದ್ಧಾಂತಗಳೂ ಹೀಗೆ ಪರೀಕ್ಷೆಗೆ ನಿಲ್ಲುವಂಥವಲ್ಲ ಎಂದೂ ಹೇಳಿಬಿಡಬೇಕು. ಟ್ರಾನ್ಸಿಸ್ಟರಿಗೆ ದಣಿವಾಗುತ್ತದೆ, ಹೊತ್ತು ಹೊತ್ತಿಗೆ ನಿದ್ದೆ ಬೇಕು ಎಂದು ಅವರು ಗಟ್ಟಿಯಾಗಿ ನಂಬಿದ್ದರು. ಪುರಾಣದ ನಡುವೆ ಸೆಟ್ಟು ಬಂದ್ ಮಾಡಿ ಅದಕ್ಕೆ ಟವೆಲಿನಿಂದ ಗಾಳಿ ಬೀಸುತ್ತ ಕೂತಿರುತ್ತಿದ್ದರು. ಶಾಸ್ತ್ರಿಗಳು ಮಾತ್ರ ಬಾಯಿ ತೆರೆದುಕೊಂಡು ಬೆವರುತ್ತಿದ್ದರು.

ಆ ಹೊಲದಲ್ಲೇ ಅಪ್ಪ ಇನ್ನೊಂದು ಮಾತು ಹೇಳಿದ್ದರು. ಆ ವಾರ ಶಾಲೆಯಲ್ಲಿ ನಾನು ವಚನ ಹೇಳಲು ನಿಂತಾಗ ಯಾರಿಗೂ ಕೇಳದೆ, ಹುಡುಗರೆಲ್ಲ ಕಿವಿಗೆ ಕೈ ಇಟ್ಟು "ಆಂ? ಆಂ?" ಎಂದು ಅಣಕಿಸಿದ್ದರು. ನಾನು ಅದನ್ನು ಮನೆಯಲ್ಲಿ ಹೇಳಿರಲಿಲ್ಲ. ಅಪ್ಪನಿಗೆ ಹೇಗೋ ಗೊತ್ತಾಗಿತ್ತು.

"ಆವಾಜ್ ಸಣ್ಣದಿದ್ರ ತಪ್ಪಲ್ಲ ಬೇ. ಸಣ್ಣದು ಬಂದ್ರ ತಾನ ದೊಡ್ಡದು ಮಾಡಾಕ ಬರ್ತದ. ಏನೂ ಬರಲಿಲ್ಲ ಅಂದ್ರ ಎಂಥಾ ಸೆಟ್ ಇದ್ರೂ ಬರೇ ಗುಂಯ್ ಅಂತ ಕುಂತಿರ್ತದ. ಬಾಯಿ ಮುಚ್ಚಬ್ಯಾಡ."

ನಾನು ಬಾಯಿ ಮುಚ್ಚಲಿಲ್ಲ. ಟೀಚರಾದೆ. ಈಗ ಪ್ರತಿ ವರ್ಷ ವಿದ್ಯುತ್ತಿನ ಪಾಠ ಬಂದಾಗ ನಾನೊಂದು ಆಟ ಆಡಿಸುತ್ತೇನೆ. ಹಲಗೆಯ ಮೇಲೆ ಎರಡು ಟ್ರಾನ್ಸಿಸ್ಟರನ್ನು ಒಂದರ ಹಿಂದೊಂದು ಜೋಡಿಸಿ, ಚೌಕದ ಚಿಕ್ಕ ಬ್ಯಾಟರಿಗೆ ಒಂದು ಪುಟ್ಟ ಕೆಂಪು ದೀಪ ಕಟ್ಟಿರುತ್ತೇನೆ. ಒಂದು ಬೆಂಚಿನ ಹುಡುಗಿಯರು ಕೈ ಒದ್ದೆ ಮಾಡಿಕೊಂಡು ಸಾಲಾಗಿ ಕೈ ಕೈ ಹಿಡಿಯಬೇಕು. ಈ ತುದಿಯವಳು ಒಂದು ತಂತಿ ಹಿಡಿಯುತ್ತಾಳೆ, ಆ ತುದಿಯವಳು ಇನ್ನೊಂದು. ಇಷ್ಟು ಜನರ ಮೈ ದಾಟಿ ಹೋಗುವ ಕರೆಂಟು ಎಷ್ಟಿದ್ದೀತು? ಇಲ್ಲ ಅನ್ನುವಷ್ಟು. ಆದರೂ ದೀಪ ಹತ್ತುತ್ತದೆ. ನಡುವೆ ಒಬ್ಬಳು ಕೈ ಬಿಟ್ಟರೆ ಆರುತ್ತದೆ. ಆಗ ಹಿಂದಿನ ಬೆಂಚಿನವರೂ ಎದ್ದು ಬರುತ್ತಾರೆ. ವರ್ಷಕ್ಕೆ ಅದೊಂದು ದಿನ ನನ್ನ ಪಾಠ ಇಡೀ ಕ್ಲಾಸಿಗೆ ಕೇಳುತ್ತದೆ.

ಅಪ್ಪನ ಧಂದೆಯಲ್ಲಿ ಒಂದೇ ಒಂದು ಕಟ್ಟುನಿಟ್ಟಿನ ನಿಯಮವಿತ್ತು: ಮೈಕು ಚಾಲೂ ಇದ್ದಾಗ ಮನೆಯ ಮಾತು ಆಡಬಾರದು. ಇದು ಅನುಭವದಿಂದ ಬಂದ ಜ್ಞಾನ. ಜಿಡಗಾದಲ್ಲಿ ಒಂದು ಮದುವೆಗೆ ಹೋದಾಗ ಮೈಕು ಬಂದ್ ಆಗಿದೆ ಎಂದುಕೊಂಡು ಅಪ್ಪ ಪಕ್ಕದಲ್ಲಿದ್ದ ಕಾಕಾನಿಗೆ, "ಜರಾ ಒಳಗ ಹೋಗಿ ನೋಡ್ಕೊಂಡು ಬಾರೋ, ಹೋಳಿಗಿ ಮಾಡ್ಯಾರೋ ಇಲ್ಲಾ ಬರೇ ಶಿರಾದ ಮ್ಯಾಲ ಮುಗಸ್ತಾರೋ" ಎಂದಿದ್ದರು. ಬೇವಿನ ಮರದ ಭೋಂಗಾ ಅದನ್ನು ಇಡೀ ಊರಿಗೆ ಸಾರಿತು. ಅಡುಗೆಮನೆಯಲ್ಲಿ ಶಿರಾವೇ ಇತ್ತು. ಹೆಣ್ಣಿನ ತಂದೆ ಪಾಪ ಮರ್ಯಾದೆಗೆ ಅಂಜಿ, ಅಕ್ಕಪಕ್ಕದ ಮನೆಗಳಲ್ಲೆಲ್ಲ ಹೂರಣ ಕುದಿಸಿ ಹೋಳಿಗೆ ಮಾಡಿಸಿ ಹಾಕಿದರಂತೆ. ಅಪ್ಪ ನಾಚಿಕೆಯಿಂದ ಒಂದನ್ನೂ ತಿನ್ನಲಿಲ್ಲವಂತೆ. ಕಾಕಾ ಈ ಕೊನೆಯ ಭಾಗವನ್ನು ಒಪ್ಪುವುದಿಲ್ಲ.

ಇಂಥ ಅಪ್ಪನ ಗಂಟಲಿನಲ್ಲಿ ಹೋದ ವರ್ಷ ಒಂದು ಗಂಟು ಕಾಣಿಸಿತು. ಕಲಬುರಗಿಗೆ ಹೋಗಿ ತೆಗೆಸಿದೆವು. ಜೀವಕ್ಕೆ ಏನೂ ಭಯವಿಲ್ಲ, ಆದರೆ ಧ್ವನಿ ಮೊದಲಿನ ಹಾಗೆ ಬರುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹಾಗೇ ಆಯಿತು. ಪಟ್ಟಿ ಬಿಚ್ಚಿದ ಮೇಲೆ ಅಪ್ಪ ಬಾಯಿ ತೆಗೆದರೆ ಬಂದದ್ದು ಉಸಿರಿನಷ್ಟು ಸಣ್ಣ, ಒಣಗಿದ ಎಲೆ ಮುಟ್ಟಿದಂಥ ಸದ್ದು. ಅಪ್ಪ ಒಂದು ಕ್ಷಣ ತಾವೇ ಅದನ್ನು ಕೇಳಿಸಿಕೊಂಡರು. ಮತ್ತೆ ಬಾಯಿ ಮುಚ್ಚಿಕೊಂಡರು.

ಮುಚ್ಚಿಕೊಂಡದ್ದು ಮುಚ್ಚಿಕೊಂಡೇಬಿಟ್ಟರು. ಮನೆಯವರೊಡನೆ ಬೇಕಾದಾಗ ಕಿವಿಯ ಹತ್ತಿರ ಬಂದು ಎರಡು ಶಬ್ದ ಆಡಿಯಾರು. ಹೊರಗಿನವರು ಒಬ್ಬರು ಬಂದರೂ ಸಾಕು, ಕೈಸನ್ನೆ. ಚಹಾ ಬೇಕಾದರೆ ಸ್ಟೀಲಿನ ಗ್ಲಾಸಿಗೆ ಉಂಗುರದಿಂದ ಟಕಟಕ ಬಡಿಯುವುದು. ಮೈಕಿನ ಅಂಗಡಿಯನ್ನು ಆಗಲೇ ನನ್ನ ತಮ್ಮ ಈರಣ್ಣ ನೋಡಿಕೊಳ್ಳುತ್ತಿದ್ದ. ಈಗೆಲ್ಲ ಆಳೆತ್ತರದ ಕರೀ ಸ್ಪೀಕರ್ ಡಬ್ಬಿಗಳು, ತಂತಿಯಿಲ್ಲದ ಮೈಕುಗಳು. ಅಪ್ಪ ಅಂಗಡಿಯ ಕಡೆ ಹೋಗುವುದನ್ನೂ ಬಿಟ್ಟರು. "ಹೆಂಗದೀರಿ ಶರಣಪ್ಪನವರ?" ಎಂದು ಯಾರಾದರೂ ಕೇಳಿಯಾರು ಎಂಬ ಹೆದರಿಕೆ.

ಒಂದು ದಿನ ಅವರದೇ ಮಾತನ್ನು ಅವರಿಗೆ ಹೇಳಿದೆ: "ಸಣ್ಣದಿದ್ರ ತಪ್ಪಲ್ಲ ಅಂತ ನೀವ ಹೇಳಿದ್ರಲ್ಲ ಅಪ್ಪಾ, ಬಾಯಿ ಮುಚ್ಚಬ್ಯಾಡ್ರಿ." ಅಪ್ಪ ಮುಖ ಗೋಡೆಯ ಕಡೆ ತಿರುಗಿಸಿದರು. ನನ್ನದು ಹುಟ್ಟಿನಿಂದ ಬಂದ ಸಣ್ಣ ಧ್ವನಿ. ಅವರದು ದೊಡ್ಡದನ್ನು ಕಳೆದುಕೊಂಡು ಉಳಿದ ಸಣ್ಣದು. ಎರಡೂ ಒಂದೇ ಅಲ್ಲ ಎಂದು ನನಗೆ ಆಗ ತಿಳಿಯಿತು.

ಇಷ್ಟರಲ್ಲಿ ಈರಣ್ಣನಿಗೆ ಹೆಣ್ಣು ಮಗುವಾಯಿತು. ಬಾಣಂತನ ತವರಿನಲ್ಲಿ, ಅಫಜಲಪುರದಲ್ಲಿ. ತೊಟ್ಟಿಲ ಕಾರ್ಯಕ್ಕೆ ನಾವೆಲ್ಲ ಬೀಗರ ಮನೆಗೆ ಹೋಗಬೇಕು. ಹೆಸರನ್ನು ಅಜ್ಜನೇ ಆರಿಸಲಿ ಎಂದು ಈರಣ್ಣನ ಹೆಂಡತಿ ತಾನಾಗಿ ಹೇಳಿದಳು, ಪುಣ್ಯಾತ್ಗಿತ್ತಿ. ಅಪ್ಪ ತಲೆ ಆಡಿಸಿದರೇ ಹೊರತು ಹೆಸರನ್ನು ಯಾರಿಗೂ ಹೇಳಲಿಲ್ಲ. ಕಾರ್ಯಕ್ಕೆ ಬರುವುದೇ ಇಲ್ಲ ಎಂದು ಕೈ ಅಲ್ಲಾಡಿಸಿದರು. ಬೀಗರ ಮುಂದೆ, ತುಂಬಿದ ಮನೆಯಲ್ಲಿ, ಮೈಕಿನ ಶರಣಪ್ಪ ಮೂಕನಂತೆ ಕೂರುವುದೇ? ಅವ್ವ ಬಟ್ಟೆಯ ಚೀಲ ಕಟ್ಟಿ ಬಾಗಿಲಲ್ಲಿಟ್ಟು, "ನೀವು ಬರಲಿಲ್ಲ ಅಂದ್ರ ನಾನೂ ಹೋಗಂಗಿಲ್ಲ, ಕೂಸಿಗೆ ಹೆಸರೂ ಇಲ್ಲ, ಏನೂ ಇಲ್ಲ" ಎಂದು ಅದರ ಮೇಲೆ ಕೂತಳು. ಅವ್ವ ಕೂತರೆ ಕೂತಳೇ. ಅಪ್ಪ ಎದ್ದು ಅಂಗಿ ಹಾಕಿಕೊಂಡರು.

ಅಫಜಲಪುರದ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಂಗಳದಲ್ಲಿ ಪೆಂಡಾಲು, ಅದರ ಎರಡೂ ಬದಿಗೆ ಈರಣ್ಣ ತಂದಿಟ್ಟ ಕರೀ ಡಬ್ಬಿಗಳು. ನಡುವೆ ತೊಟ್ಟಿಲು. ಅಪ್ಪ ಒಂದು ಮೂಲೆಯ ಕುರ್ಚಿ ಹಿಡಿದು, ಮಾತಾಡಿಸಲು ಬಂದವರಿಗೆಲ್ಲ ಕೈ ಮುಗಿದು ಕಳಿಸುತ್ತಿದ್ದರು. ಮುಗಿದ ಕೈ ಇಳಿಸುತ್ತಲೇ ಇರಲಿಲ್ಲ.

ಸೋದರತ್ತಿ ನಾನೇ ತಾನೆ. ಈರಣ್ಣ ಬಂದು ಹೆಗಲ ಮೇಲಿನ ನನ್ನ ಸೀರೆಯ ಅಂಚಿಗೆ ಚಿಮಟಿಗೆಯಂಥ ಪುಟ್ಟ ಮೈಕು ಸಿಕ್ಕಿಸಿದ. "ಅಕ್ಕಾ, ನೀ ಕುರ್‍ರ್ ಅಂದಿದ್ದು ಕೂಸಿಗೇ ಕೇಳಂಗಿಲ್ಲ, ಇನ್ನ ಬೀಗರಿಗೆ ಹೆಂಗ ಕೇಳ್ತದ?" ಎಂದು ಹಲ್ಲು ಬಿಟ್ಟ. ಹೆಂಗಸರು ಜೋಗುಳ ಹಾಡುತ್ತಿದ್ದರು. ಹಾಡು ಮುಗಿಯುವ ಹೊತ್ತಿಗೆ ನನ್ನನ್ನು ಕರೆದರು. ಆಗ ನೆನಪಾಯಿತು, ನನಗೆ ಇನ್ನೂ ಹೆಸರೇ ಗೊತ್ತಿಲ್ಲ! ಅಪ್ಪನ ಕಡೆ ನೋಡಿದೆ. ಅಪ್ಪ ಕುರ್ಚಿಯಿಂದ ಎದ್ದು, ಜನರ ನಡುವೆ ದಾರಿ ಮಾಡಿಕೊಂಡು ಬಂದು, ನನ್ನ ಹೆಗಲಿನ ಮೇಲೆ ಕೈ ಇಟ್ಟು ಕಿವಿಗೆ ಬಾಯಿ ತಂದರು. ಈರಣ್ಣ ಮೈಕು ಪರೀಕ್ಷೆ ಮಾಡಿ ಚಾಲೂ ಇಟ್ಟೇ ಹೋಗಿದ್ದ. ನನಗೆ ಗೊತ್ತಿರಲಿಲ್ಲ. ಜಿಡಗಾದ ಮದುವೆಯಿಂದಾಚೆ ತಮ್ಮ ನಿಯಮವನ್ನು ಎಂದೂ ಮುರಿಯದ ಅಪ್ಪ, ಮಗಳ ಸೀರೆಯಲ್ಲಿ ಮೈಕು ಇದ್ದೀತೆಂದು ನೆನೆಸಿರಲಿಲ್ಲ.

"ನೀಲಾ ಅಂತ ಇಡು ಬೇ. ನಮ್ಮವ್ವನ ಹೆಸರು." ಎರಡೂ ಬದಿಯ ಡಬ್ಬಿಗಳಿಂದ ಅಪ್ಪನ ಪಿಸುಮಾತು ಇಡೀ ಅಂಗಳಕ್ಕೆ ಬಂತು. ಎಲ್ಲರೂ ತಟ್ಟನೆ ಡಬ್ಬಿಗಳ ಕಡೆ ತಿರುಗಿದರು. ಅಪ್ಪ ನನ್ನ ಕಿವಿಯಲ್ಲೇ ಇದ್ದರು, ನಿಲ್ಲಿಸಲಿಲ್ಲ. "ನೀನ ಹೇಳು. ನಾ ಕೂಸಿನ ಹತ್ತಿರ ಬರಂಗಿಲ್ಲ. ಈ ಒಡಕ ಆವಾಜು ಅದರ ಕಿವಿಗೆ ಬೀಳೂದು ಬ್ಯಾಡ, ಅದಕ್ಕೂ ಹಿಂಗ ಆದ್ರ ಏನ್ ಮಾಡೂದು. ನಾಕು ಮಂದಿಯಾಗ ಬಾಯಿ ತಗದ್ರ ನನಗ ನಗ್ತಾರ."

"ನಗ್ತಾರ" ಎಂಬುದು ಎದುರಿನ ಗೋಡೆಗೆ ಬಡಿದು ಇನ್ನೊಮ್ಮೆ ಬಂತು. ನಾನು ಮೈಕಿನ ಮೇಲೆ ಕೈ ಮುಚ್ಚುವಷ್ಟರಲ್ಲಿ ಹೊತ್ತು ಮೀರಿತ್ತು. ಅಪ್ಪ ತಲೆ ಎತ್ತಿ ಡಬ್ಬಿಯ ಕಡೆ ನೋಡಿದರು, ಆಮೇಲೆ ಜನರ ಕಡೆ. ಆ ಮುಖ ನೋಡಲು ನನ್ನಿಂದಾಗಲಿಲ್ಲ. ಭೂಮಿ ಬಾಯಿ ಬಿಟ್ಟರೆ ನಾನೂ ಈರಣ್ಣನೂ ಒಟ್ಟಿಗೇ ಹೋಗಬೇಕಾಗಿತ್ತು.

ಯಾರೂ ನಗಲಿಲ್ಲ. ತೊಟ್ಟಿಲ ಆಚೆಯಿಂದ ಅವ್ವನ ಧ್ವನಿ ಬಂತು. ಅವ್ವನಿಗೆ ಎಂದೂ ಮೈಕು ಬೇಕಾಗಿಲ್ಲ.

"ಯಾರು ನಗ್ತಾರ್ರಿ? ನಗೂಮಂದೀದು ಹೆಸರು ಹೇಳ್ರಿ, ನಾ ನೋಡ್ಕೋತೇನಿ. ಇಷ್ಟ ವರ್ಷ ಊರ ಮಂದೀಗೆಲ್ಲ ಹಲೋ ಹಲೋ ಅಂತ ಅಡ್ಡಾಡಿದ್ರಿ. ಮನಿಯಾಗ ನನಗ ಒಂದಿನ ಹಲೋ ಅಂದೀರೇನು? ಈಗ ಇರೂ ಆವಾಜು ಊರಿಗೆ ಸಾಲಂಗಿಲ್ಲ, ನಮಗ ಸಾಲ್ತದ. ಮಾತಾಡ್ರಿ." ಹೇಳುತ್ತ ಹೇಳುತ್ತ ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು.

ಬೀಗತಿ ದೊಡ್ಡ ಮನಸ್ಸಿನ ಹೆಣ್ಣುಮಗಳು. ಅಪ್ಪನ ಹತ್ತಿರ ಬಂದು, "ಅಣ್ಣಾರ, ಹೆಸರು ಓಣಿಗೆಲ್ಲ ಗೊತ್ತಾತು, ಕೂಸಿಗೊಂದ ಗೊತ್ತಿಲ್ಲ. ಈಗ ನೀವ ಬಂದು ಹೇಳ್ರಿ" ಎಂದಳು.

ಅಪ್ಪ ನಿಂತೇ ಇದ್ದರು. ನಾನು ಮೈಕಿನ ಮೇಲಿಂದ ಕೈ ತೆಗೆದು ಅವರ ಕೈ ಹಿಡಿದುಕೊಂಡೆ. ಅಪ್ಪ ಮತ್ತೆ ಆ ಕರೀ ಡಬ್ಬಿಯನ್ನು ನೋಡಿದರು. ಈ ಸಲ ನೋಡಿದ ರೀತಿಯೇ ಬೇರೆ. ಹುಬ್ಬು ಗಂಟಿಕ್ಕಿದವು. ತಲೆ ಒಂದು ಕಡೆ ವಾಲಿತು. ಬೇವಿನ ಮರದ ಕೆಳಗೆ ನಿಂತು ಭೋಂಗಾ ಕೇಳುವಾಗ ಹೀಗೇ ವಾಲುತ್ತಿತ್ತು. ನನ್ನ ಸೀರೆಯ ಅಂಚಿಗೆ ಬಗ್ಗಿ, ಪೆಂಡಾಲಿನ ಅಷ್ಟೂ ಜನರ ಮುಂದೆ, ಅಪ್ಪ ತಮ್ಮ ಮಗನಿಗೆ ಹೇಳಿದರು:

"ಈರ್‍ಯಾ, ಟ್ರೆಬಲ್ ಭಾಳ ಆಗ್ಯಾದಲೇ. ಕಡಿಮಿ ಮಾಡು. ಕಿವಿ ಕೊಯ್ತದ."

ಆಗ ನಕ್ಕರು ನೋಡಿ ಜನ! ಈರಣ್ಣ ಅಳುತ್ತ ನಗುತ್ತ ಓಡಿಹೋಗಿ ಕೀರಲು ಸದ್ದು ಇಳಿಸುವ ತಿರುಗಣೆ ತಿರುಗಿಸಿದ. ಅಪ್ಪನೂ ನಕ್ಕರು, ಆ ನಗುವಿಗೆ ಸದ್ದಿರಲಿಲ್ಲ, ಹೆಗಲು ಮಾತ್ರ ಕುಣಿಯುತ್ತಿದ್ದವು. ಆಮೇಲೆ ನಾವಿಬ್ಬರೂ ತೊಟ್ಟಿಲಿಗೆ ಬಗ್ಗಿದೆವು. ಅಪ್ಪ ಕೂಸಿನ ಕಿವಿಯಲ್ಲಿ "ಕುರ್‍ರ್... ನೀಲಾ" ಎಂದರು. ಹೇಳಿದವರು ಅಪ್ಪ, ಆದರೆ ಗಂಡಸಿನ ಬೆನ್ನಿಗೆ ಗುದ್ದುವ ಶಾಸ್ತ್ರವಿಲ್ಲವಲ್ಲ. ಅಫಜಲಪುರದ ಅಷ್ಟೂ ಹೆಂಗಸರ ಗುದ್ದು ನನ್ನ ಬೆನ್ನಿಗೇ ಬಿತ್ತು. ಕಬ್ಬು ಕಡಿದ ಕೈಗಳು, ರೊಟ್ಟಿ ಬಡಿದ ಕೈಗಳು. ನಾನು ಕಿರುಚಿದೆ. ಮೈಕು ಚಾಲೂ ಇದ್ದುದರಿಂದ, ನನ್ನ ಜನ್ಮದಲ್ಲಿ ಮೊದಲ ಬಾರಿಗೆ ನನ್ನ ಕಿರುಚಾಟ ಎಲ್ಲರಿಗೂ ಕೇಳಿತು.

ಮರುದಿನ ಶಾಲೆಯಿತ್ತು. ಬೆಳಗ್ಗೆ ಬೆನ್ನು ಹಿಡಿದುಕೊಂಡೇ ಜೇವರ್ಗಿಯ ಬಸ್ಸಿಗೆ ಹೊರಟೆ. ಅಪ್ಪ ಕಳಿಸಲು ಬಂದರು. ನಾನು ಬೇಡವೆಂದರೂ ಚೀಲವನ್ನು ತಾವೇ ಹಿಡಿದುಕೊಂಡಿದ್ದರು. ಬಸ್ಸಿನಲ್ಲಿ ಕಾಲೇಜು ಹುಡುಗರ ಗದ್ದಲ, ಕೋಳಿಬುಟ್ಟಿ, ಮೊಬೈಲಿನ ಹಾಡು. ನಾನು ಕಿಟಕಿಯ ಹತ್ತಿರ ಕೂತೆ. ಕೆಳಗೆ ನಿಂತಿದ್ದ ಅಪ್ಪ ನನ್ನನ್ನೊಮ್ಮೆ ನೋಡಿ, ಬಾಗಿಲಲ್ಲಿ ನಿಂತಿದ್ದ ಕಂಡಕ್ಟರನ ಕಡೆ ಹೋದರು. ದಪ್ಪ ಮೀಸೆಯ, ಅವಸರದ ಮನುಷ್ಯ. ಅಪ್ಪ ಅವನ ತೋಳು ಮುಟ್ಟಿ ಏನೋ ಹೇಳಿದರು.

"ಆಂ? ಏನಂದ್ರಿ ಯಜಮಾನ್ರ?"

ಆ "ಆಂ?" ನನಗೆ ಚೆನ್ನಾಗಿ ಗೊತ್ತು. ಅದನ್ನು ಕೇಳಿಯೂ ಬಾಯಿ ತೆರೆಯಲು ಎಷ್ಟು ಬೇಕಾಗುತ್ತದೆ ಎಂಬುದೂ ಗೊತ್ತು. ಅಪ್ಪ ಕೈ ಮುಗಿದು ಹಿಂದೆ ಸರಿಯುತ್ತಾರೆ ಎಂದುಕೊಂಡೆ. ಸರಿಯಲಿಲ್ಲ. ಅದೇ ಸಣ್ಣ ಧ್ವನಿಯಲ್ಲಿ ಇನ್ನೊಮ್ಮೆ ಹೇಳಿದರು. ಕಂಡಕ್ಟರು ಟಿಕೆಟಿನ ಮೆಷಿನ್ನು ಕಂಕುಳಲ್ಲಿ ಅವುಚಿಕೊಂಡು, ಒಂದು ಮೆಟ್ಟಿಲು ಇಳಿದು, ಮೀಸೆಯ ಮುಖವನ್ನು ಬಗ್ಗಿಸಿ ಅಪ್ಪನ ಬಾಯಿಯ ಹತ್ತಿರ ಕಿವಿ ಇಟ್ಟ. ಕೇಳಿಸಿಕೊಂಡ. "ಹೌದ್ರಿ, ಹೌದ್ರಿ, ಆತ್ರಿ" ಎಂದ. ಆಮೇಲೆ ಬಸ್ಸಿನೊಳಗೆ ತಿರುಗಿ, ಆ ಗದ್ದಲವನ್ನೆಲ್ಲ ಸೀಳಿಕೊಂಡು ಡ್ರೈವರಿನ ಕಡೆ ಕೂಗಿದ:

"ಏ ಡ್ರೈವರ್ ಸಾಹೇಬ್ರ, ಈ ಟೀಚರಮ್ಮಾರು ಶಾಲಿ ಕ್ರಾಸಿಗೆ ಇಳೀತಾರ! ಅವರ ಆವಾಜು ಕೇಳಂಗಿಲ್ಲಂತ, ನೆನಪಿಟ್ಟು ನಿಲ್ಲಸ್ರಿ! ಅವರಪ್ಪಾರು ಹೇಳಾಕತ್ಯಾರ!"